ಬ್ಯಾಟರಿಯಿಲ್ಲದ ಯಂತ್ರ, ಪರೀಕ್ಷೆಯಿಲ್ಲದ ನಂಬಿಕೆ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡದ ಹಳೆಯ ಗಾದೆ. ಭದ್ರತೆಯ ಹೆಸರಿನಲ್ಲಿ ಈ ಎಚ್ಚರವನ್ನು ಕೈಬಿಟ್ಟರೆ ಜನಸಾಮಾನ್ಯರು ತೆರಬೇಕಾಗುವ ಬೆಲೆ ಎಷ್ಟು ಎಂಬುದಕ್ಕೆ ಇರಾಕ್ ದೇಶದ ಒಂದು ಯಂತ್ರದ ಕಥೆ ಸಾಕ್ಷಿಯಾಗಿದೆ. ಬಾಗ್ದಾದಿನ ಆ ಕಥೆಗೂ ಮಲೆನಾಡಿನ ಹಳ್ಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಮೊದಲಿಗೆ ಏಳುವುದು ಸಹಜ. ಕಥೆಯನ್ನು ಪೂರ್ತಿ ಕೇಳಿದರೆ ಸಂಬಂಧ ತಾನಾಗಿ ಗೋಚರಿಸುತ್ತದೆ.

2007–08ರ ಹೊತ್ತಿಗೆ ಬಾಗ್ದಾದ್ ನಗರದ ತಪಾಸಣಾ ಠಾಣೆಗಳಲ್ಲಿ ಪೊಲೀಸರ ಕೈಗೆ ಹೊಸದೊಂದು ಉಪಕರಣ ಬಂದಿತು. ಪಿಸ್ತೂಲಿನ ಹಿಡಿಯಂಥ ಪ್ಲಾಸ್ಟಿಕ್ಕಿನ ಹಿಡಿ, ಅದರ ಮುಂಭಾಗದಲ್ಲಿ ಅತ್ತಿತ್ತ ತಿರುಗುವ ರೇಡಿಯೋ ಆಂಟೆನಾ. ಹೆಸರು ಎಡಿಇ 651. ಪೊಲೀಸನು ಅದನ್ನು ಹಿಡಿದು ವಾಹನದ ಪಕ್ಕದಲ್ಲಿ ನಡೆಯಬೇಕು; ಒಳಗೆ ಸಿಡಿಮದ್ದಿದ್ದರೆ ಆಂಟೆನಾ ಅತ್ತ ವಾಲುತ್ತದೆ ಎಂಬುದು ಮಾರಾಟಗಾರರ ಹೇಳಿಕೆ. ಅದಕ್ಕೆ ಬ್ಯಾಟರಿ ಇರಲಿಲ್ಲ. ಹಿಡಿದವನ ಮೈಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತೇ ಅದರ ಶಕ್ತಿಮೂಲವೆಂದು ಹೇಳಲಾಗಿತ್ತು. ಅದರೊಳಗೆ ತೂರಿಸುವ ಚಿಕ್ಕ ಚೀಟಿಯಂಥ ಕಾರ್ಡನ್ನು ಬದಲಿಸಿದರೆ ಸಾಕು. ಸಿಡಿಮದ್ದನ್ನಷ್ಟೇ ಅಲ್ಲ, ಮಾದಕ ವಸ್ತು, ಆನೆದಂತ, ಕಾಗದದ ನೋಟು, ಕೊನೆಗೆ ಅಡಗಿ ಕುಳಿತ ಮನುಷ್ಯನನ್ನೂ ಅದು ತೋರಿಸಬಲ್ಲದೆಂಬ ಪ್ರಚಾರವಿತ್ತು. ನೆಲದ ಮೇಲೆ ಒಂದು ಕಿಲೋಮೀಟರ್ ದೂರದಿಂದಲೂ ವಿಮಾನದಲ್ಲಿ ಕುಳಿತರೆ ಹಲವು ಕಿಲೋಮೀಟರ್ ಎತ್ತರದಿಂದಲೂ ಅದು ಕೆಲಸ ಮಾಡುತ್ತದೆಂದು ಕರಪತ್ರಗಳು ಸಾರಿದ್ದವು. ಇರಾಕ್ ಸರ್ಕಾರ ಇಂಥ ಸಾವಿರಾರು ಉಪಕರಣಗಳನ್ನು ಕೊಂಡಿತು. ಒಂದೊಂದಕ್ಕೂ ಸಾವಿರಾರು, ಕೆಲವಕ್ಕೆ ಹತ್ತಾರು ಸಾವಿರ ಡಾಲರುಗಳ ಬೆಲೆ ಕೊಟ್ಟಿತು.

2009ರ ಆಗಸ್ಟ್ 19, ಅಕ್ಟೋಬರ್ 25, ಡಿಸೆಂಬರ್ 8 — ಈ ಮೂರು ದಿನಗಳಂದು ಬಾಗ್ದಾದಿನ ಹೃದಯಭಾಗದಲ್ಲಿ ಸರ್ಕಾರಿ ಕಟ್ಟಡಗಳನ್ನು ಗುರಿಯಾಗಿಸಿ ಭಾರಿ ಸ್ಫೋಟಗಳು ನಡೆದವು. ಮೂರರಲ್ಲಿಯೂ ಸೇರಿ ಮುನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ಟನ್ನುಗಟ್ಟಲೆ ಮದ್ದು ತುಂಬಿದ ವಾಹನಗಳು ತಪಾಸಣಾ ಠಾಣೆಗಳಿರುವ ರಸ್ತೆಗಳನ್ನು ದಾಟಿಕೊಂಡೇ ನಗರದ ನಡುಮಧ್ಯಕ್ಕೆ ಬಂದಿದ್ದವು. ಒಂದು ಕಿಲೋಮೀಟರ್ ದೂರದಿಂದಲೇ ಮದ್ದನ್ನು ತೋರಿಸಬೇಕಾಗಿದ್ದ ಆಂಟೆನಾ ಅವುಗಳನ್ನು ತೋರಿಸಲಿಲ್ಲ.

ಯಂತ್ರದ ಒಳಗೆ ಇದ್ದದ್ದೇನು?

2010ರ ಜನವರಿಯಲ್ಲಿ ಬಿ.ಬಿ.ಸಿ. ಸುದ್ದಿಸಂಸ್ಥೆ ಆ ಕಾರ್ಡೊಂದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಬಿಚ್ಚಿಸಿ ನೋಡಿತು. ಅಲ್ಲಿ ಇದ್ದದ್ದು ಬಟ್ಟೆ ಅಂಗಡಿಗಳಲ್ಲಿ ಕಳ್ಳತನ ತಡೆಯಲು ಅಂಟಿಸುವ ಅಗ್ಗದ ಪಟ್ಟಿ ಮಾತ್ರ. ಸಿಡಿಮದ್ದನ್ನು ಗುರುತಿಸುವ ಮಾಹಿತಿಯನ್ನು ಅದರಲ್ಲಿ ಶೇಖರಿಸಲು ಸಾಧ್ಯವೇ ಇರಲಿಲ್ಲ. ಹಿಡಿಯ ಒಳಭಾಗದಲ್ಲಿಯೂ ಕೆಲಸ ಮಾಡಬಲ್ಲ ಯಾವ ವಿದ್ಯುನ್ಮಾನ ಭಾಗವೂ ಇರಲಿಲ್ಲ. ಅಮೆರಿಕದಲ್ಲಿ ಹುಲ್ಲಿನಲ್ಲಿ ಕಳೆದುಹೋದ ಗಾಲ್ಫ್ ಚೆಂಡುಗಳನ್ನು ಹುಡುಕಲೆಂದು ಸುಮಾರು 20 ಡಾಲರಿಗೆ ಮಾರಲಾಗುತ್ತಿದ್ದ ತಮಾಷೆಯ ಆಟಿಕೆಯೇ ಈ ಯಂತ್ರದ ಮೂಲ ಎಂಬುದು ಮುಂದೆ ನ್ಯಾಯಾಲಯದಲ್ಲಿ ಬಯಲಾಯಿತು. ಆ ಆಟಿಕೆ ಗಾಲ್ಫ್ ಚೆಂಡನ್ನೂ ಹುಡುಕುತ್ತಿರಲಿಲ್ಲ.

ಬ್ರಿಟನ್ ಸರ್ಕಾರ ಅದೇ ತಿಂಗಳಲ್ಲಿ ಇರಾಕ್ ಮತ್ತು ಅಫ್ಘಾನಿಸ್ತಾನಗಳಿಗೆ ಅದರ ರಫ್ತನ್ನು ನಿಷೇಧಿಸಿತು. ಕಂಪನಿಯ ಒಡೆಯ, ಮಾಜಿ ಪೊಲೀಸ್ ಜೇಮ್ಸ್ ಮೆಕಾರ್ಮಿಕ್‌ಗೆ ಲಂಡನ್ನಿನ ನ್ಯಾಯಾಲಯ 2013ರ ಮೇ ತಿಂಗಳಲ್ಲಿ 10 ವರ್ಷಗಳ ಸೆರೆವಾಸ ವಿಧಿಸಿತು. ಈ ವ್ಯಾಪಾರದಿಂದ ಅವನು ಗಳಿಸಿದ್ದು ಸುಮಾರು ಐದು ಕೋಟಿ ಪೌಂಡುಗಳೆಂದು ಅಂದಾಜು. ಇರಾಕಿನಲ್ಲಿ ಈ ಖರೀದಿಯ ಹಿಂದೆ ನಿಂತಿದ್ದ ಸ್ಫೋಟಕ ನಿಗ್ರಹ ವಿಭಾಗದ ಮುಖ್ಯಸ್ಥರು 2011ರಲ್ಲಿ ಭ್ರಷ್ಟಾಚಾರದ ಆರೋಪದ ಮೇಲೆ ಬಂಧಿತರಾದರು.

ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಮಾರಿದವನು ಸೆರೆಮನೆ ಸೇರಿದ ನಂತರವೂ ಆ ಉಪಕರಣ ಬಾಗ್ದಾದಿನ ಠಾಣೆಗಳಲ್ಲಿ ಉಳಿಯಿತು. 2016ರ ಜುಲೈ 3ರ ರಾತ್ರಿ, ರಂಜಾನ್ ತಿಂಗಳ ಕೊನೆಯ ದಿನಗಳಲ್ಲಿ, ಕರ್ರಾದಾ ಎಂಬ ಪೇಟೆಯಲ್ಲಿ ಮದ್ದು ತುಂಬಿದ ವಾಹನ ಸಿಡಿಯಿತು. ಹಬ್ಬದ ಖರೀದಿಗೆ ಬಂದಿದ್ದವರು ಬೆಂಕಿಗೆ ಸಿಲುಕಿದರು. ಸತ್ತವರ ಸಂಖ್ಯೆ ಮುನ್ನೂರನ್ನು ದಾಟಿತು. ಅದಾದ ಮೇಲಷ್ಟೇ ಪ್ರಧಾನಿ ಹೈದರ್ ಅಲ್ ಅಬಾದಿಯವರು ಈ ಉಪಕರಣಗಳನ್ನು ಹಿಂತೆಗೆದುಕೊಳ್ಳುವಂತೆ ಆಜ್ಞೆ ಹೊರಡಿಸಿದರು. ಸುಳ್ಳು ಬಯಲಾದ ದಿನಕ್ಕೂ ಸುಳ್ಳು ಬಳಕೆಯಿಂದ ಹೋದ ದಿನಕ್ಕೂ ನಡುವೆ ಆರೂವರೆ ವರ್ಷಗಳು ಕಳೆದಿದ್ದವು.

ಕವಲುಕಡ್ಡಿಯ ಬಂಧು

ಇಷ್ಟು ಸರಳವಾದ ಮೋಸವನ್ನು ಸಾವಿರಾರು ಪೊಲೀಸರು ಹೇಗೆ ನಂಬಿದರು? ಈ ಪ್ರಶ್ನೆಗೆ ಉತ್ತರ ಮಲೆನಾಡಿನವರಿಗೆ ಹೊಸದಲ್ಲ. ಕೊಳವೆಬಾವಿ ಕೊರೆಸುವ ಮುನ್ನ ‘ಪಾಯಿಂಟ್’ ನೋಡಿಸುವ ರೂಢಿ ಕರ್ನಾಟಕದ ಊರೂರುಗಳಲ್ಲಿ ಇದೆ. ನೀರು ನೋಡುವವರು ಕವಲುಕಡ್ಡಿಯನ್ನೋ ಅಂಗೈಯ ಮೇಲೆ ತೆಂಗಿನಕಾಯಿಯನ್ನೋ ಹಿಡಿದು ತೋಟದಲ್ಲಿ ನಡೆಯುತ್ತಾರೆ. ಒಂದೆಡೆ ಕಡ್ಡಿ ಬಾಗುತ್ತದೆ, ಕಾಯಿ ಎದ್ದು ನಿಲ್ಲುತ್ತದೆ. ಹಿಡಿದವರಲ್ಲಿ ಬಹುಪಾಲು ಮಂದಿ ಮೋಸಗಾರರಲ್ಲ. ಕಡ್ಡಿ ತಾನಾಗಿಯೇ ತಿರುಗಿತೆಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಷೆಲ್ ಷೆವ್ರೂಲ್ 19ನೆಯ ಶತಮಾನದ ಮೊದಲ ಭಾಗದಲ್ಲಿಯೇ ಇದನ್ನು ಪರೀಕ್ಷಿಸಿದ್ದರು. ದಾರಕ್ಕೆ ಕಟ್ಟಿದ ಲೋಲಕ ಪಾದರಸದ ಮೇಲೆ ತಾನಾಗಿ ತೂಗುತ್ತದೆ ಎಂದು ಜನ ಹೇಳುತ್ತಿದ್ದರು. ಷೆವ್ರೂಲ್ ಅವರ ಕೈಯಲ್ಲಿಯೂ ಅದು ತೂಗಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೆಳಗಿನ ವಸ್ತುವನ್ನು ತಿಳಿಯದಂತೆ ಬದಲಿಸಿದಾಗ ತೂಗುವುದು ನಿಂತಿತು. ಮನಸ್ಸಿನ ನಿರೀಕ್ಷೆ ಕೈಯ ಸ್ನಾಯುಗಳಲ್ಲಿ, ಅರಿವಿಗೇ ಬಾರದಷ್ಟು ಸಣ್ಣ ಚಲನೆಯನ್ನು ಹುಟ್ಟಿಸುತ್ತದೆ. ಸುಲಭವಾಗಿ ತಿರುಗುವ ವಸ್ತು ಆ ಚಲನೆಯನ್ನು ದೊಡ್ಡದಾಗಿ ತೋರಿಸುತ್ತದೆ. ಅನುಮಾನ ಬಂದ ವಾಹನದ ಪಕ್ಕದಲ್ಲಿ ಪೊಲೀಸನ ಆಂಟೆನಾ ವಾಲಿದ್ದೂ ಇದೇ ಕಾರಣದಿಂದ. ಯಂತ್ರ ಹೇಳುತ್ತಿದ್ದುದು ವಾಹನದೊಳಗಿನ ಮದ್ದನ್ನಲ್ಲ, ಪೊಲೀಸನ ಊಹೆಯನ್ನು.

ಅಲ್ಲೊಂದು ವ್ಯತ್ಯಾಸವಿದೆ. ಕವಲುಕಡ್ಡಿ ತಪ್ಪಿದರೆ ಒಂದು ಕುಟುಂಬ ಸಾಲದಲ್ಲಿ ಬೀಳುತ್ತದೆ. ಅದೇನೂ ಸಣ್ಣ ನಷ್ಟವಲ್ಲ. ತಪಾಸಣಾ ಠಾಣೆಯಲ್ಲಿ ಕಡ್ಡಿ ತಪ್ಪಿದರೆ ಪೇಟೆಯೇ ಸುಡುತ್ತದೆ. ಅದು ತಪ್ಪಾಗಿ ಒಬ್ಬನತ್ತ ವಾಲಿದರೂ ಅನಾಹುತವೇ. ಥಾಯ್ಲೆಂಡಿನ ದಕ್ಷಿಣ ಪ್ರಾಂತ್ಯಗಳಲ್ಲಿ ಜಿಟಿ 200 ಎಂಬ ಇಂಥದೇ ಇನ್ನೊಂದು ಉಪಕರಣ ತೋರಿಸಿದ ದಿಕ್ಕನ್ನು ನಂಬಿ ಸಾಮಾನ್ಯ ಹಳ್ಳಿಗರನ್ನು ಹಿಡಿದೊಯ್ದರೆಂಬ ದೂರುಗಳು ಎದ್ದವು. ಮನೆಯೊಳಗೆ ಕಡ್ಡಿ ತಿರುಗಿತೆಂಬುದಷ್ಟೇ ಅಪರಾಧಕ್ಕೆ ಸಾಕ್ಷಿಯಾಗುವುದಾದರೆ ಅಂಥ ಊರಿನಲ್ಲಿ ನಿರಪರಾಧಿಗೆ ಉಳಿಯುವ ದಾರಿ ಯಾವುದು?

ಥಾಯ್ಲೆಂಡ್ ಸರ್ಕಾರ ಕೊನೆಗೆ ಮಾಡಿದ ಕೆಲಸ ಮಾತ್ರ ಅನುಕರಣೀಯ. 2010ರ ಫೆಬ್ರವರಿಯಲ್ಲಿ ಅಲ್ಲಿನ ವಿಜ್ಞಾನಿಗಳು ಒಂದು ಪರೀಕ್ಷೆ ಏರ್ಪಡಿಸಿದರು. ನಾಲ್ಕು ಪೆಟ್ಟಿಗೆಗಳು, ಒಂದರಲ್ಲಿ ಮಾತ್ರ ಸಿಡಿಮದ್ದು. ಯಾವುದರಲ್ಲಿ ಇದೆಯೆಂದು ಹುಡುಕುವವನಿಗೆ ತಿಳಿಯದು. ಹೀಗೆ ಇಪ್ಪತ್ತು ಬಾರಿ. ಕಣ್ಣು ಮುಚ್ಚಿ ಬೆರಳಿಟ್ಟರೂ ಇಪ್ಪತ್ತರಲ್ಲಿ ಸರಾಸರಿ ಐದು ಸಲ ಸರಿಯಾಗಬೇಕು. ಜಿಟಿ 200 ಸರಿಯಾಗಿ ತೋರಿಸಿದ್ದು ನಾಲ್ಕು ಸಲ. ನೂರಾರು ಉಪಕರಣಗಳಿಗೆ ಸುರಿದ ಹಣ ನೀರಿನಲ್ಲಿ ಹೋಮವಾಗಿತ್ತು ಎಂಬುದನ್ನು ನಾಲ್ಕು ಪೆಟ್ಟಿಗೆಗಳು ತೋರಿಸಿದವು. ಅದನ್ನು ಮಾರಿದ ಬ್ರಿಟನ್ನಿನ ಗ್ಯಾರಿ ಬೋಲ್ಟನ್‌ಗೆ 2013ರಲ್ಲಿ 7 ವರ್ಷಗಳ ಶಿಕ್ಷೆಯಾಯಿತು. ಇದೇ ನಾಲ್ಕು ಪೆಟ್ಟಿಗೆಗಳ ಪರೀಕ್ಷೆಯನ್ನು ಕೊಳ್ಳುವ ಮುನ್ನ ಮಾಡಿದ್ದರೆ ಎಷ್ಟು ಜೀವ, ಎಷ್ಟು ಹಣ, ಎಷ್ಟು ಮಾನ ಉಳಿಯುತ್ತಿತ್ತು!

ನಿಜವಾದ ಶೋಧ ಏಕೆ ಕಷ್ಟ

ಸಿಡಿಮದ್ದನ್ನು ಹುಡುಕುವುದು ಅಸಾಧ್ಯವೆಂದು ಇದರ ಅರ್ಥವಲ್ಲ. ಕಷ್ಟವೆಂದು ಮಾತ್ರ ಅರ್ಥ. ಹುಡುಕಲು ಇರುವ ಮುಖ್ಯ ದಾರಿಗಳು ಎರಡು: ಒಂದು, ವಸ್ತುವಿನ ಆಕಾರವನ್ನೂ ಸಾಂದ್ರತೆಯನ್ನೂ ಎಕ್ಸ್-ರೇ ಮೂಲಕ ನೋಡುವುದು, ಇನ್ನೊಂದು, ಅದರಿಂದ ಹೊರಬೀಳುವ ಆವಿಯನ್ನೋ ಅಂಟಿಕೊಂಡ ಕಣವನ್ನೋ ಹಿಡಿಯುವುದು. ಎರಡನೆಯ ದಾರಿಯಲ್ಲಿ ಪ್ರಕೃತಿಯೇ ಒಡ್ಡಿರುವ ಅಡ್ಡಿಯಿದೆ. ಕರ್ಪೂರದಂತೆ ಮದ್ದು ಆರಿಹೋಗುವುದಿಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಟಿಎನ್‌ಟಿಯ ಆವಿ ಗಾಳಿಯ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ಇರುತ್ತದೆ. ಆರ್‌ಡಿಎಕ್ಸ್ ಅದಕ್ಕಿಂತ ಸಾವಿರಪಟ್ಟು ಕಡಿಮೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಅದೂ ಹೊರಬರುವುದಿಲ್ಲ. ವಿಮಾನ ನಿಲ್ದಾಣಗಳಲ್ಲಿ ಚೀಲದ ಹಿಡಿಯನ್ನು ಚಿಂದಿಯಿಂದ ಒರೆಸಿ ಯಂತ್ರಕ್ಕೆ ಒಡ್ಡುವುದು ಇದಕ್ಕಾಗಿಯೇ. ಮದ್ದು ಮುಟ್ಟಿದ ಕೈಯಿಂದ ಅಂಟಿದ ಕಣಗಳಿಗೆ ಯಂತ್ರ ವಿದ್ಯುದಂಶ ಕೊಟ್ಟು, ಅವು ಒಂದು ಕೊಳವೆಯನ್ನು ದಾಟಲು ಎಷ್ಟು ಸಮಯ ತೆಗೆದುಕೊಳ್ಳುತ್ತವೆ ಎಂಬುದರ ಮೇಲೆ ಅವುಗಳ ಜಾತಿಯನ್ನು ನಿರ್ಣಯಿಸುತ್ತದೆ.

ಈ ಕಷ್ಟವನ್ನು ಕಡೆಗಣಿಸಿದ್ದರ ಪರಿಣಾಮವನ್ನು ಭಾರತ ಚೆನ್ನಾಗಿ ಬಲ್ಲದು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಐರ್ಲೆಂಡಿನ ಸಮೀಪ ಆಕಾಶದಲ್ಲಿಯೇ ಸಿಡಿದು 329 ಮಂದಿ ಸತ್ತರು. ಹಿಂದಿನ ದಿನ ಟೊರಾಂಟೊ ನಿಲ್ದಾಣದಲ್ಲಿ ಚೀಲಗಳನ್ನು ನೋಡುವ ಎಕ್ಸ್-ರೇ ಯಂತ್ರ ನಡುವೆಯೇ ಕೆಟ್ಟುನಿಂತಿತು. ಉಳಿದ ಚೀಲಗಳನ್ನು ಪಿಡಿ-4 ಎಂಬ ಕೈಯಂತ್ರದಿಂದ ಮೂಸಿನೋಡಲಾಯಿತು. ಅದೇ ವರ್ಷದ ಆರಂಭದಲ್ಲಿ ನಡೆದ ಪ್ರಾತ್ಯಕ್ಷಿಕೆಯಲ್ಲಿ ಆ ಕೈಯಂತ್ರ ತೀರ ಹತ್ತಿರ ಹಿಡಿದ ಹೊರತು ಮದ್ದನ್ನು ಗುರುತಿಸಿರಲಿಲ್ಲ. ಪೊಲೀಸ್ ನಾಯಿಗಳು ಆ ದಿನ ತರಬೇತಿಗೆಂದು ಬೇರೆ ನಗರಕ್ಕೆ ಹೋಗಿದ್ದವು. ಪರೀಕ್ಷೆಯಲ್ಲಿ ಸೋತಿದ್ದ ಉಪಕರಣ ಸೋತದ್ದು ಗೊತ್ತಿದ್ದೂ ಕೆಲಸದಲ್ಲಿ ಉಳಿದಿತ್ತು ಎಂಬುದೇ ಇಲ್ಲಿನ ಪಾಠ. ಪರೀಕ್ಷೆ ನಡೆಸಿದರೆ ಸಾಲದು. ಅದರ ಫಲಿತಾಂಶಕ್ಕೆ ತಲೆಬಾಗಬೇಕು.

1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ಪ್ಯಾನ್ ಆಮ್ ವಿಮಾನ ಸಿಡಿದು 270 ಮಂದಿ ಮಡಿದ ಮೇಲೆ ಜಗತ್ತು ಒಂದು ವಿವೇಕದ ಹೆಜ್ಜೆ ಇಟ್ಟಿತು. ಟೇಪ್‌ರೆಕಾರ್ಡರಿನೊಳಗೆ ಅಡಗಿಸಿದ್ದ ಪ್ಲಾಸ್ಟಿಕ್ ಸ್ಫೋಟಕವನ್ನು ಯಾರಿಂದಲೂ ಹಿಡಿಯಲಾಗಿರಲಿಲ್ಲ. 1991ರ ಮಾರ್ಚ್ 1ರಂದು ಮಾಂಟ್ರಿಯಲ್‌ನಲ್ಲಿ ಒಪ್ಪಂದವೊಂದು ಸಿದ್ಧವಾಯಿತು. ಪ್ಲಾಸ್ಟಿಕ್ ಸ್ಫೋಟಕ ತಯಾರಿಸುವಾಗಲೇ ಅದಕ್ಕೆ ಬೇಗ ಆವಿಯಾಗುವ ಗುರುತಿನ ರಾಸಾಯನಿಕವೊಂದನ್ನು ಬೆರೆಸಬೇಕು ಎಂಬುದು ಅದರ ತಿರುಳು. ಮೂಗಿಗೆ ಸಿಗದ ಮದ್ದನ್ನು ಕಾರ್ಖಾನೆಯಲ್ಲಿಯೇ ಮೂಗಿಗೆ ಸಿಗುವಂತೆ ಮಾಡುವ ಈ ಉಪಾಯ 1998ರಲ್ಲಿ ಜಾರಿಗೆ ಬಂದಿತು. ಬೀದಿಯಲ್ಲಿ ಹುಡುಕುವುದಕ್ಕಿಂತ ಹುಟ್ಟಿದೆಡೆಯಲ್ಲಿ ಗುರುತು ಹಾಕುವುದು ಸುಲಭ ಎಂಬ ಈ ತತ್ತ್ವ ಪರಿಸರ ಹೋರಾಟಗಾರರಿಗೆ ಪರಿಚಿತವೇ. ಹೊಳೆಯ ನೀರನ್ನು ಶುದ್ಧೀಕರಿಸುವುದಕ್ಕಿಂತ ಕಾರ್ಖಾನೆಯ ಕೊಳವೆಯನ್ನು ಮುಚ್ಚುವುದು ಲೇಸು.

ಪರೀಕ್ಷೆಯಲ್ಲಿ ಗೆದ್ದ ಇಲಿ

ಸುಳ್ಳಿನ ಯಂತ್ರಕ್ಕೆ ಎದುರಾಗಿ ನಿಲ್ಲಿಸಬೇಕಾದ ನಿಜದ ಉದಾಹರಣೆ ಬಂದಿರುವುದು ಯಾವ ಭಾರಿ ಕಾರ್ಖಾನೆಯಿಂದಲೂ ಅಲ್ಲ, ಒಂದು ಬಿಲದಿಂದ. ಆಫ್ರಿಕದ ಕೆನ್ನೆಚೀಲದ ದೈತ್ಯ ಇಲಿ ಗಾತ್ರದಲ್ಲಿ ಅಡಿಕೆ ತೋಟದ ಹೆಗ್ಗಣವನ್ನೂ ಮೀರಿಸುತ್ತದೆ. ಒಂದು ಕಿಲೋಗ್ರಾಮಿನಷ್ಟು ತೂಗುತ್ತದೆ. ದೃಷ್ಟಿ ಮಂದ, ಮೂಗು ಚುರುಕು. ಬೆಲ್ಜಿಯಂ ಮೂಲದ ಅಪೋಪೊ ಎಂಬ ಸಂಸ್ಥೆ 1990ರ ದಶಕದ ಕೊನೆಯಿಂದ ಈ ಇಲಿಗಳಿಗೆ ತರಬೇತಿ ಕೊಡುತ್ತ ಬಂದಿದೆ. ತಾಂಜಾನಿಯಾದ ಮೊರೊಗೊರೊ ಪಟ್ಟಣದ ಸೊಕೊಯಿನೆ ಕೃಷಿ ವಿಶ್ವವಿದ್ಯಾಲಯದಲ್ಲಿ ಅದರ ನೆಲೆ. ಟಿಎನ್‌ಟಿಯ ವಾಸನೆ ಸಿಕ್ಕೊಡನೆ ನೆಲ ಕೆರೆದರೆ ಇಲಿಗೆ ಬಾಳೆಹಣ್ಣಿನ ತುಂಡೋ ಕಡಲೆಕಾಯಿಯೋ ಸಿಗುತ್ತದೆ. ಹಗುರ ಮೈಯ ಇಲಿ ಮೇಲೆ ನಡೆದರೂ ನೆಲಬಾಂಬ್ ಸಿಡಿಯುವುದಿಲ್ಲ.

ಲೋಹಶೋಧಕ ಹಿಡಿದ ಮನುಷ್ಯ ಪ್ರತಿಯೊಂದು ಮೊಳೆಗೂ ತಗಡಿಗೂ ನಿಲ್ಲಬೇಕು. ಒಂದು ಟೆನಿಸ್ ಅಂಗಣದಷ್ಟು ನೆಲಕ್ಕೆ ನಾಲ್ಕು ದಿನಗಳವರೆಗೂ ಹಿಡಿಯುತ್ತದೆ. ಮದ್ದನ್ನಲ್ಲದೆ ಬೇರೇನನ್ನೂ ಲೆಕ್ಕಿಸದ ಇಲಿ ಅಷ್ಟು ನೆಲವನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಕಾಂಬೋಡಿಯದಲ್ಲಿ ದುಡಿದ ‘ಮಗಾವಾ’ ಎಂಬ ಇಲಿ 2021ರಲ್ಲಿ ನಿವೃತ್ತಿಯಾಗುವ ವೇಳೆಗೆ 71 ನೆಲಬಾಂಬುಗಳನ್ನೂ ಸಿಡಿಯದೆ ಉಳಿದ ಹತ್ತಾರು ಮದ್ದುಗುಂಡುಗಳನ್ನೂ ಪತ್ತೆಹಚ್ಚಿತ್ತು. ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದು 2020ರಲ್ಲಿ ಅದಕ್ಕೆ ಚಿನ್ನದ ಪದಕ ನೀಡಿತ್ತು. 2025ರಲ್ಲಿ ‘ರೋನಿನ್’ ಎಂಬ ಇನ್ನೊಂದು ಇಲಿ ನೂರಕ್ಕೂ ಹೆಚ್ಚು ನೆಲಬಾಂಬುಗಳನ್ನು ತೋರಿಸಿ ಆ ದಾಖಲೆಯನ್ನು ಮುರಿಯಿತು. ದಶಕಗಳ ಕಾಲ ಯುದ್ಧದಲ್ಲಿ ಬೆಂದ ಮೊಜಾಂಬಿಕ್ 2015ರಲ್ಲಿ ತನ್ನನ್ನು ನೆಲಬಾಂಬ್‌ಮುಕ್ತ ದೇಶವೆಂದು ಘೋಷಿಸಿಕೊಂಡಾಗ ಆ ಕೆಲಸದಲ್ಲಿ ಇಲಿಗಳ ಪಾಲೂ ಇತ್ತು. ನೆಲಬಾಂಬ್ ಹೂತ ಹೊಲ ಹೊಲವಲ್ಲ, ಕಾಡು ಕಾಡಲ್ಲ. ಸೌದೆಗೆ ಹೋದ ಹೆಂಗಸು, ದನ ಅಟ್ಟಿದ ಹುಡುಗ, ಮೇಯಲು ಬಂದ ಆನೆ ಎಲ್ಲರ ಕಾಲಿಗೂ ಅಲ್ಲಿ ಒಂದೇ ಅಪಾಯ. ಮಣ್ಣನ್ನು ಮತ್ತೆ ಮಣ್ಣಾಗಿಸಿದ ಪ್ರಾಣಿಗೆ ಪದಕ ಸಂದದ್ದು ಉಚಿತವೇ ಆಗಿದೆ.

ಆದರೆ ಇಲಿ ‘ಪ್ರಕೃತಿಯ ಕೊಡುಗೆ’ ಎಂಬ ಕಾರಣಕ್ಕೆ ಅದನ್ನು ನಂಬಬೇಕೆಂದು ಯಾರೂ ಹೇಳುತ್ತಿಲ್ಲ. ಇಲ್ಲಿಯೇ ಮುಖ್ಯ ವಿಷಯ ಇರುವುದು. ಸುಮಾರು ಒಂಬತ್ತು ತಿಂಗಳ ತರಬೇತಿಯ ಬಳಿಕ ಪ್ರತಿಯೊಂದು ಇಲಿಯನ್ನೂ ನಿಜವಾದ ನೆಲದಲ್ಲಿ ಪರೀಕ್ಷಿಸುತ್ತಾರೆ. ಬಾಂಬುಗಳು ಎಲ್ಲಿ ಹೂತಿವೆಯೆಂದು ಇಲಿಯನ್ನು ಹಿಡಿದವರಿಗೂ ತಿಳಿದಿರುವುದಿಲ್ಲ. ಹೂತದ್ದನ್ನು ಬಿಟ್ಟುಹೋದ ಇಲಿಗೆ ಹೊಲಕ್ಕಿಳಿಯುವ ಅರ್ಹತೆ ಇಲ್ಲ. ಹಿಡಿದವರಿಗೂ ತಿಳಿಯಬಾರದೆಂಬ ನಿಯಮ ಏಕೆ? 2011ರಲ್ಲಿ ಪ್ರಕಟವಾದ, ಅಮೆರಿಕದ ಕ್ಯಾಲಿಫೋರ್ನಿಯಾದ ಪ್ರಯೋಗವೊಂದು ಉತ್ತರ ಕೊಡುತ್ತದೆ. ಮಾದಕ ವಸ್ತು ಮತ್ತು ಸ್ಫೋಟಕ ಹುಡುಕುವ 18 ನಾಯಿಗಳನ್ನು ಅವುಗಳ ಪಾಲಕರೊಂದಿಗೆ ಒಂದು ಕಟ್ಟಡದೊಳಗೆ ಬಿಡಲಾಯಿತು. ವಾಸನೆಯ ವಸ್ತು ಅಲ್ಲಿ ಎಲ್ಲಿಯೂ ಇರಲಿಲ್ಲ. ಇರಬಹುದೆಂದು ಪಾಲಕರಿಗೆ ಹೇಳಲಾಗಿತ್ತು. 144 ಸುತ್ತುಗಳಲ್ಲಿ ಮುಕ್ಕಾಲು ಪಾಲಿಗೂ ಮೀರಿದ ಸುತ್ತುಗಳಲ್ಲಿ ‘ಸಿಕ್ಕಿತು’ ಎಂಬ ಸುಳ್ಳು ವರದಿ ಬಂದಿತು. ಕೆಂಪು ಕಾಗದ ಅಂಟಿಸಿ ಪಾಲಕರಲ್ಲಿ ಸಂಶಯ ಹುಟ್ಟಿಸಿದ ಸ್ಥಳಗಳಲ್ಲಂತೂ ಅದು ಇನ್ನೂ ಹೆಚ್ಚು. ನಾಯಿಯ ಮೂಗು ಅಪ್ರತಿಮವಾದದ್ದು, ನಿಜ. ಆದರೂ ಮನುಷ್ಯನ ನಿರೀಕ್ಷೆ ಆ ಮೂಗಿನ ತೀರ್ಪನ್ನು ಕೆಡಿಸಬಲ್ಲದು. ಪರೀಕ್ಷೆ ಬೇಕಾದದ್ದು ಸುಳ್ಳು ಯಂತ್ರಕ್ಕೆ ಮಾತ್ರವಲ್ಲ, ಒಳ್ಳೆಯ ನಾಯಿಗೂ.

ಪ್ರಾಮಾಣಿಕ ಉಪಕರಣಕ್ಕೆ ಒಂದು ಲಕ್ಷಣವಿದೆ: ಅದು ತನ್ನ ಮಿತಿಯನ್ನು ತಾನೇ ಹೇಳುತ್ತದೆ. 2021ರಲ್ಲಿ ಪುಣೆಯ ರಕ್ಷಣಾ ಪ್ರಯೋಗಾಲಯ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜಂಟಿಯಾಗಿ ರೂಪಿಸಿದ ‘ರೈಡರ್-ಎಕ್ಸ್’ ಎಂಬ ಸ್ಫೋಟಕ ಶೋಧಕವನ್ನು ಬಿಡುಗಡೆ ಮಾಡಿದಾಗ ಹೇಳಿದ್ದು ಇಷ್ಟೇ: 20 ಬಗೆಯ ಸ್ಫೋಟಕಗಳು, ಎರಡು ಮೀಟರ್ ದೂರ. ವರ್ಷಗಟ್ಟಲೆ ಶ್ರಮಿಸಿದ ವಿಜ್ಞಾನಿಗಳು ಎರಡು ಮೀಟರ್ ಎನ್ನುತ್ತಾರೆ. ಆಟಿಕೆ ಮಾರಿದವನು ಒಂದು ಕಿಲೋಮೀಟರ್ ಎಂದಿದ್ದ. ಕೊಳ್ಳುವವರು ಈ ಒಂದು ಅಂತರವನ್ನು ಗಮನಿಸಿದ್ದರೂ ಸಾಕಿತ್ತು.

ಗೋಪ್ಯತೆ ಯಾರಿಗೆ ರಕ್ಷಣೆ?

ಭದ್ರತಾ ಉಪಕರಣಗಳ ಪರೀಕ್ಷೆ ಬಹಿರಂಗವಾಗಿರಬೇಕು ಎಂದೊಡನೆ ಎರಡು ಆಕ್ಷೇಪಗಳು ಬರುತ್ತವೆ. ಉಪಕರಣದ ಗುಟ್ಟು ಶತ್ರುವಿಗೆ ತಿಳಿದರೆ ಅಪಾಯ ಎಂಬುದು ಮೊದಲನೆಯದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಯಂತ್ರದ ರಚನೆ, ಅದನ್ನು ನಿಲ್ಲಿಸುವ ಸ್ಥಳ, ಅದು ಹಿಡಿಯಲಾಗದ ಮದ್ದಿನ ಪಟ್ಟಿ ಗುಟ್ಟಾಗಿಯೇ ಇರಲಿ. ಆದರೆ ‘ಮಾರಾಟಗಾರನಿಗೆ ಸಂಬಂಧವಿಲ್ಲದವರು ಪರೀಕ್ಷಿಸಿದ್ದಾರೆಯೇ, ಎಷ್ಟು ಬಾರಿ ಪರೀಕ್ಷಿಸಿದ್ದಾರೆ, ಊಹೆಗಿಂತ ಮೇಲಾಗಿ ಗೆದ್ದಿತೇ’ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಿದರೆ ಯಾವ ಶತ್ರುವಿಗೂ ಲಾಭವಿಲ್ಲ. ಎಡಿಇ 651ರ ವಿಷಯದಲ್ಲಿ ಗುಟ್ಟು ಕಾಪಾಡಿದ್ದು ಇರಾಕಿನ ಪ್ರಜೆಯನ್ನಲ್ಲ, ಮಾರಿದವನನ್ನು. ಅದು ಕೆಲಸ ಮಾಡುತ್ತದೆಂದು ತೋರಿಸಿದರೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಅಮೆರಿಕದ ಜೇಮ್ಸ್ ರಾಂಡಿ 2008ರಲ್ಲಿಯೇ ಸವಾಲು ಹಾಕಿದ್ದರು. ಕಂಪನಿ ಆ ಸವಾಲನ್ನು ಸ್ವೀಕರಿಸಲಿಲ್ಲ. ಆ ಮೌನವನ್ನು ಓದಬಲ್ಲವರು ಖರೀದಿಯ ಮೇಜಿನ ಮುಂದೆ ಇರಲಿಲ್ಲ, ಅಥವಾ ಓದಲು ಅವರಿಗೆ ಮನಸ್ಸಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ನಯವಾದದ್ದು: ಯಂತ್ರ ಕೆಲಸ ಮಾಡದಿದ್ದರೂ ಅದನ್ನು ಕಂಡ ದುಷ್ಕರ್ಮಿ ಹೆದರುತ್ತಾನೆ, ಜನರಿಗೆ ಧೈರ್ಯ ಬರುತ್ತದೆ; ಬೆದರುಬೊಂಬೆಗೂ ಬೆಲೆಯಿಲ್ಲವೇ ಎಂಬ ವಾದ. ಬೆದರುಬೊಂಬೆಯನ್ನು ಗದ್ದೆಯಲ್ಲಿ ನಿಲ್ಲಿಸಿದ ರೈತನಿಗೆ ಅದು ಬೊಂಬೆಯೆಂದು ಗೊತ್ತಿರುತ್ತದೆ. ಅವನು ರಾತ್ರಿ ಕಾವಲಿಗೂ ಹೋಗುತ್ತಾನೆ. ಬಾಗ್ದಾದಿನ ಪೊಲೀಸನಿಗೆ ಅದು ಬೊಂಬೆಯೆಂದು ಗೊತ್ತಿರಲಿಲ್ಲ. ಆಂಟೆನಾ ವಾಲದಿದ್ದುದರಿಂದ ಅವನು ಲಾರಿಯ ಹಿಂಬದಿಯನ್ನು ತೆರೆಸಲಿಲ್ಲ, ಆಸನದ ಕೆಳಗೆ ನೋಡಲಿಲ್ಲ. ಮದ್ದು ಇಟ್ಟವನಿಗೆ ಮಾತ್ರ ಯಂತ್ರದ ಯೋಗ್ಯತೆ ಬೇಗನೆ ತಿಳಿಯಿತು. ಸುಳ್ಳು ಉಪಕರಣ ಇಲ್ಲದ ರಕ್ಷಣೆಯನ್ನು ಕೊಡುವುದಿಲ್ಲ ಎಂಬುದಷ್ಟೇ ಅಲ್ಲ, ಇದ್ದ ಎಚ್ಚರವನ್ನೂ ಕಿತ್ತುಕೊಳ್ಳುತ್ತದೆ.

ಗುಡ್ಡಗಾಡಿಗೆ ಇದರಿಂದ ಏನು?

ಸಿಡಿಮದ್ದು ಮಲೆನಾಡಿಗೆ ದೂರದ ವಸ್ತುವಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನ ಕಲ್ಲುಕ್ವಾರಿಯ ಬಳಿ ಜಿಲೆಟಿನ್ ತುಂಬಿದ್ದ ಲಾರಿ ಸಿಡಿದು ಕನಿಷ್ಠ ಐವರು ಸತ್ತರು. ಸುತ್ತಲಿನ ಊರುಗಳವರು ಭೂಕಂಪವೆಂದು ಮನೆಯಿಂದ ಹೊರಗೆ ಓಡಿದರು. ಕಾಡುಹಂದಿಗೆಂದು ಇಡುವ ಮದ್ದಿನ ಉಂಡೆ ದನದ ಬಾಯನ್ನೂ ನಾಯಿಯ ಬಾಯನ್ನೂ ಸಿಡಿಸುವುದನ್ನು ಕಂಡವರು ಹಲವರಿದ್ದಾರೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಇಂಥದೇ ಮದ್ದು ಕಚ್ಚಿ, ನೋವು ತಾಳಲಾರದೆ ಹೊಳೆಯ ನೀರಿನಲ್ಲಿ ನಿಂತು ಸತ್ತಿತು. ಇವೆರಡಕ್ಕೂ ಮದ್ದು ಮೂಸುವ ಯಂತ್ರಕ್ಕಿಂತ ಮೊದಲು ಬೇಕಾದದ್ದು ಮದ್ದಿನ ಲೆಕ್ಕ: ಎಷ್ಟು ತಯಾರಾಯಿತು, ಎಷ್ಟು ಮಾರಾಟವಾಯಿತು, ಯಾವ ಕ್ವಾರಿಗೆ ಎಷ್ಟು ಹೋಯಿತು ಎಂಬ ದಾಖಲೆ. ಮಾಂಟ್ರಿಯಲ್ ಒಪ್ಪಂದದ ತತ್ತ್ವವೇ ಇಲ್ಲಿಯೂ ಸಲ್ಲುತ್ತದೆ.

ಎರಡನೆಯ ನಂಟು ಇನ್ನೂ ಆಳವಾದದ್ದು. ಭಯ ಇರುವಲ್ಲಿ ಯಂತ್ರ ಮಾರುವವರು ಬರುತ್ತಾರೆ. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದೇ ತಿಂಗಳ 30ರಂದು ವಯನಾಡಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಮಣ್ಣಿನಡಿ ಸೇರಿದರು. ಆನೆ, ಕಾಡುಹಂದಿ, ಮಂಗಗಳ ಉಪಟಳಕ್ಕೆ ಕೊನೆಯಿಲ್ಲ. ಗುಡ್ಡ ಜಾರುವುದನ್ನು ಮುಂಚಿತವಾಗಿ ಹೇಳುವ ಪೆಟ್ಟಿಗೆ, ಆನೆಯನ್ನು ಓಡಿಸುವ ಶಬ್ದಯಂತ್ರ, ಮಿಂಚನ್ನು ತಡೆಯುವ ಕಂಬ ಎಂದು ನಾನಾ ವಸ್ತುಗಳು ಗ್ರಾಮ ಪಂಚಾಯಿತಿಗಳ ಬಾಗಿಲಿಗೆ ಬರುವ ಕಾಲವಿದು. ಅವುಗಳಲ್ಲಿ ಒಳ್ಳೆಯವೂ ಇರುತ್ತವೆ. ಅವನ್ನು ತಿರಸ್ಕರಿಸುವುದು ಕೂಡ ಅವಿವೇಕ. ಒಳ್ಳೆಯದನ್ನೂ ಪೊಳ್ಳನ್ನೂ ಬೇರ್ಪಡಿಸುವ ಮೊರ ಒಂದೇ: ಪರೀಕ್ಷೆ.

ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಕಷ್ಟದವೇನೂ ಅಲ್ಲ. ಈ ಯಂತ್ರ ಯಾವ ಶಕ್ತಿಯಿಂದ, ಹೇಗೆ ಕೆಲಸ ಮಾಡುತ್ತದೆ? ಮಾರುವವರಲ್ಲದ ಬೇರೆ ಯಾರು ಇದನ್ನು ಪರೀಕ್ಷಿಸಿದ್ದಾರೆ? ಎಷ್ಟು ಬಾರಿಯಲ್ಲಿ ಎಷ್ಟು ಬಾರಿ ಸರಿಯಾಯಿತು, ಎಷ್ಟು ಬಾರಿ ಸುಳ್ಳು ಎಚ್ಚರಿಕೆ ಕೊಟ್ಟಿತು? ಇದು ಮಾಡಲಾಗದ ಕೆಲಸ ಯಾವುದು? ತಪ್ಪಿದರೆ ಹೊಣೆ ಯಾರದು? ಈ ಐದಕ್ಕೂ ಕಾಗದದ ಮೇಲೆ ಉತ್ತರ ಕೊಡಲಾಗದವರಿಗೆ ಸಾರ್ವಜನಿಕ ಹಣದ ಒಂದು ರೂಪಾಯಿಯೂ ಸಲ್ಲಬಾರದು. ಖರೀದಿ ಆಗಿಹೋಗಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಪರೀಕ್ಷಾ ವರದಿಯನ್ನು ಕೇಳುವ ದಾರಿ ಇದ್ದೇ ಇದೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಶಾಲೆಯ ಅಂಗಳದಲ್ಲಿ ನಾಲ್ಕು ಗುಂಡಿ ತೋಡಿ, ಒಂದರಲ್ಲಿ ಮಾತ್ರ ನೀರು ತುಂಬಿದ ಕೊಡವನ್ನೂ ಉಳಿದ ಮೂರರಲ್ಲಿ ಬರಿಯ ಕೊಡಗಳನ್ನೂ ಇಟ್ಟು ಹಲಗೆ ಮುಚ್ಚಬೇಕು. ಇಟ್ಟವರು ಅಲ್ಲಿಂದ ದೂರ ಹೋಗಬೇಕು. ಊರಿನ ನೀರು ನೋಡುವವರನ್ನು ಗೌರವದಿಂದ ಕರೆತಂದು, ಅವರ ಒಪ್ಪಿಗೆ ಪಡೆದು, ಕಡ್ಡಿಯಿಂದ ಹುಡುಕಲು ಕೇಳಬೇಕು. ಕೊಡದ ಸ್ಥಾನವನ್ನು ಚೀಟಿ ಎತ್ತಿ ಬದಲಿಸುತ್ತ ಇಪ್ಪತ್ತು ಬಾರಿ ಮಾಡಿ, ಸರಿ–ತಪ್ಪುಗಳನ್ನು ಹಲಗೆಯ ಮೇಲೆ ಬರೆಯಬೇಕು. ಥಾಯ್ಲೆಂಡಿನ ವಿಜ್ಞಾನಿಗಳು ಮಾಡಿದ್ದು ಇಷ್ಟನ್ನೇ. ಐದರ ಸುತ್ತಮುತ್ತ ಬಂದರೆ ಅದು ಊಹೆ. ಹದಿನೈದು ದಾಟಿದರೆ ಇನ್ನಷ್ಟು ಪರೀಕ್ಷೆಗೆ ಅರ್ಹವಾದ ಸಂಗತಿ. ಫಲಿತಾಂಶ ಏನೇ ಬರಲಿ, ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ನಾಳೆ ಯಾವುದಾದರೊಂದು ಪೆಟ್ಟಿಗೆ ಹಿಡಿದು ಊರಿಗೆ ಬರುವವರ ಮುಂದೆ ಆ ಮಕ್ಕಳೇ ಮೊದಲು ಎದ್ದು ನಿಂತು, ನಾಲ್ಕು ಕೊಡಗಳನ್ನು ತರಿಸಲಿ.